ಜೋನಿಗಾಗಿ ಕಡಲ ಬದಿಯ ಮನೆ ಹುಡುಕಿದ್ದು

ನಮ್ಮ ನಾಯಿ ಜೋನಿಯ ಹಿಂಗಾಲುಗಳಿಗೆ ಶಕ್ತಿ ಇಲ್ಲ. ಬೆಂಗಳೂರಿನಲ್ಲಿ ನಮ್ಮ ಬೀದಿಯಲ್ಲೇ ಹುಟ್ಟಿದವಳು. ಒಂದೂವರೆ ವರ್ಷದವಳಿದ್ದಾಗ ಗಾಡಿ ಗುದ್ದಿ ಬೆನ್ನುಮೂಳೆ ಮುರಿಯಿತು. ಮೈಬಣ್ಣ ಥೇಟ್ ಜೋನಿ ಬೆಲ್ಲದ್ದು, ಅಂದರೆ ಗಟ್ಟಿಯಾಗದ ನೀರು ಬೆಲ್ಲದ್ದು. ಮಲೆನಾಡಿನ ಸಾಗರ ಊರಿನ ಕಡೆಯವರಾದ ನಮ್ಮ ಯಜಮಾನರು ಆ ಹೆಸರಿಟ್ಟರು. ಈಗ ಅವಳಿಗೆ ಆರು ವರ್ಷ, ತೂಕ 14 ಕೆ.ಜಿ. ಹೊರಗೆ ಓಡಾಡಲು ಸೊಂಟಕ್ಕೆ ಕಟ್ಟುವ ಎರಡು ಚಕ್ರದ ಗಾಡಿ ಇದೆ. ಮನೆಯೊಳಗೆ ಮುಂಗಾಲಿನ ಬಲದಲ್ಲೇ ಮೈ ಎಳೆದುಕೊಂಡು ಹೋಗುತ್ತಾಳೆ. ದಿನಕ್ಕೆ ನಾಲ್ಕು ಸಲ ನಾವೇ ಹೊಟ್ಟೆ ಒತ್ತಿ ಉಚ್ಚೆ ಮಾಡಿಸಬೇಕು.

ಬೆಂಗಳೂರಿನಲ್ಲಿ ನಮ್ಮದು ಮೂರನೇ ಮಹಡಿ. ನೀರಿನಲ್ಲಿ ಈಜಿಸಿ ಎಂದು ಡಾಕ್ಟರು ಹೇಳಿದ್ದರು. ನೀರಿಗಿಳಿದರೆ ಮೈ ಹಗುರಾಗುತ್ತದೆ, ಬೆನ್ನಿನ ಮೇಲೆ ಭಾರ ಬೀಳದೆ ಭುಜ ಮತ್ತು ಎದೆಗೆ ಕಸುವು ಬರುತ್ತದೆ. ಆದರೆ ನಾಯಿಗಳ ಈಜುಕೊಳಕ್ಕೆ ಹೋಗಿ ಬರಲು ಮೂರು ಗಂಟೆ ಬೇಕಾಗುತ್ತಿತ್ತು. ಯಜಮಾನರು ನಿವೃತ್ತರಾದರು. ನನ್ನದು ಮನೆಯಲ್ಲೇ ಕೂತು ಮಾಡುವ ಲೆಕ್ಕದ ಕೆಲಸ. ಕಡಲ ಬದಿಗೆ ಹೋಗೋಣ ಎಂದೆವು.

ಆ ಜನವರಿಯಲ್ಲಿ ಜೋನಿಯನ್ನೂ ಗಾಡಿಯನ್ನೂ ಕಾರಿನಲ್ಲಿ ಹಾಕಿಕೊಂಡು ಹೊರಟೆವು. ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿ.ಮೀ. ಉದ್ದ. ಮಂಗಳೂರಿನಿಂದ ಕಾರವಾರದವರೆಗೆ ಹೋಗುತ್ತಾ ಸಿಕ್ಕ ಸಿಕ್ಕಲ್ಲಿ ಇಳಿದು ಅವಳನ್ನು ನಡೆಸಿ ನೋಡಿದೆವು. ಹಾಗೆ ನಡೆಸಿದ್ದರಿಂದಲೇ ಕಣ್ಣು ತೆರೆಯಿತು.

ಉಳ್ಳಾಲದ ಕಡೆ ಕಡಲ್ಕೊರೆತ ತಡೆಯಲು ದೊಡ್ಡ ದೊಡ್ಡ ಬಂಡೆಕಲ್ಲು ಪೇರಿಸಿದ್ದಾರೆ. ಅಲ್ಲಿರುವ ಮನೆಗಳಿಗೆ ಅದು ಬೇಕೇ ಬೇಕು. ಆದರೆ ಆ ಕಲ್ಲು ದಾಟಿ ಜೋನಿ ಇಳಿಯುವುದು ಸಾಧ್ಯವಿಲ್ಲ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿನ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಚೊಕ್ಕಟ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ತುಂಬಾ ಚೊಕ್ಕಟ. ಆದರೆ ಆ ಮಾನ್ಯತೆಯ ನಿಯಮಗಳಲ್ಲೇ ಸಾಕುಪ್ರಾಣಿಗಳ ಮೇಲೆ ಬಿಗಿ ಹತೋಟಿ ಇರಬೇಕು ಎಂದಿದೆ. ಮಲ್ಪೆಯ ಮರಳು ಚಪ್ಪಟೆ, ಗಟ್ಟಿ. ಚಕ್ರ ಸರಾಗವಾಗಿ ಉರುಳಿತು. ಆದರೆ ಅದು ಮೀನುಗಾರಿಕೆಯ ದೊಡ್ಡ ಬಂದರು. ಮೀನಿದ್ದಲ್ಲಿ ಬೀದಿನಾಯಿಗಳು ಇದ್ದೇ ಇರುತ್ತವೆ. ಗಾಡಿ ಕಟ್ಟಿಕೊಂಡ ನಾಯಿಯನ್ನು ಕಂಡರೆ ಬೇರೆ ನಾಯಿಗಳು ಹೆದರುತ್ತವೆ, ಹೆದರಿದ ನಾಯಿ ಮೈಮೇಲೆ ಬರುತ್ತದೆ. ಜೋನಿಗೆ ಓಡಲು ಆಗುವುದಿಲ್ಲ ಅಲ್ವಾ? ಅಲ್ಲಿ ಎರಡು ಸಲ ಅವಳನ್ನು ಗಾಡಿ ಸಮೇತ ಎತ್ತಿಕೊಂಡೆ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಅಷ್ಟು ಚಂದದ ಜಾಗ ಇನ್ನೊಂದಿಲ್ಲ. ಆದರೆ ದಿನಾ ನೀರಿಗಿಳಿಯಲು ಲಾರಿ ಓಡುವ ಆ ರಸ್ತೆ ದಾಟಬೇಕು. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು. ಕಾರವಾರದ ನೀರು ಕೊಲ್ಲಿಯೊಳಗೆ ಶಾಂತವಾಗಿದೆ, ನನಗೆ ಆ ಊರು ತುಂಬಾ ಹಿಡಿಸಿತು. ಆದರೆ ಬಾಡಿಗೆಗೆ ನೆಲಮಹಡಿಯ ಮನೆ ಸಿಗಲಿಲ್ಲ.

ಕೊನೆಗೆ ಕುಂದಾಪುರದ ಹತ್ತಿರ ಒಂದು ಮನೆ ಕಂಡೆವು. ಬಾಗಿಲಿನಿಂದ ಐವತ್ತು ಹೆಜ್ಜೆಗೆ ಮರಳು. ಮುಂಗಡ ಕೊಡುವುದೊಂದೇ ಬಾಕಿ. ಬುಟ್ಟಿ ಹೊತ್ತು ಬಂದ ಮೀನು ಮಾರುವ ಅಮ್ಮ ಜೋನಿಯ ತಲೆ ಸವರುತ್ತಾ, "ಈಗ ಚಂದ ಕಾಂತ್. ಮಳ್ಗಾಲ್ದಗೆ ಒಂದ್ಸಲ ಬಂದ್ ಕಾಣಿ" ಅಂದರು. ಆ ಮಾತಿಗಾಗಿ ನಾನು ಅವರಿಗೆ ಇವತ್ತಿಗೂ ಋಣಿ.

ಜುಲೈಯಲ್ಲಿ ಹೋದೆವು. ಜನವರಿಯ ಮರಳು ಅಲ್ಲಿರಲಿಲ್ಲ. ದಡ ಸೊಂಟದೆತ್ತರಕ್ಕೆ ನೆಟ್ಟಗೆ ಕೊರೆದುಹೋಗಿತ್ತು. ಕೆಳಗೆ ಮರದ ದಿಮ್ಮಿ, ಹರಿದ ಬಲೆ, ಪ್ಲಾಸ್ಟಿಕ್. ಮನೆಗೆ ಹೋಗುವ ಓಣಿಯಲ್ಲಿ ಮೊಣಕಾಲುದ್ದ ನೀರು. ಆಮೇಲೆ ತಿಳಿಯಿತು, ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದು ಒಳಕ್ಕೆ ಒಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ಮರಳಿ ತಂದು ಹಾಕುತ್ತವೆ. ಜನವರಿಯಲ್ಲಿ ನಾವು ನೋಡಿದ್ದು ವರ್ಷದ ಒಂದು ಮುಖ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಜೋನಿ ಆ ಮನೆಯಲ್ಲಿ ಏನು ಮಾಡಬೇಕಿತ್ತು?

ನಾವು ಅಲ್ಲಿಯವರೆಗೆ ಕಡಲನ್ನು ನೋಡುತ್ತಿದ್ದೆವು. ಅವತ್ತಿನಿಂದ ನೆಲ ನೋಡಲು ಶುರು ಮಾಡಿದೆವು. ಜೋನಿಯ ಹೊಟ್ಟೆ, ತೊಡೆ, ಪಾದದ ಮೇಲ್ಭಾಗ ಎಲ್ಲವೂ ನೆಲಕ್ಕೆ ತಾಗುತ್ತವೆ. ಕಾಲಿಗೆ ಗಾಯವಾದರೂ ಅವಳಿಗೆ ಗೊತ್ತಾಗುವುದಿಲ್ಲ. ಬಾಗಿಲಿನಿಂದ ನೀರಿನವರೆಗಿನ ಒಂದೊಂದು ಮಾರನ್ನೂ ಅವಳ ಮೈಯಿಂದ ಅಳೆಯಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಂಗಳ ಪಾದದ ಚರ್ಮ ಕಿತ್ತುಬಿಡುತ್ತದೆ. ನುಣುಪು ಟೈಲ್ಸ್ ಮೇಲೆ ಮುಂಗಾಲು ಜಾರುತ್ತದೆ, ಅವಳಿಗಿರುವುದೇ ಆ ಎರಡು ಕಾಲು. ಒಣ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಇಳಿತದಲ್ಲಿ ಹೊರಬರುವ ಒದ್ದೆ ಮರಳಿನ ಮೇಲೆ ಮಾತ್ರ ಚೆನ್ನಾಗಿ ಓಡುತ್ತದೆ. ಹನ್ನೊಂದು ಗಂಟೆಯ ಮರಳಿನ ಮೇಲೆ ನಿಮ್ಮ ಅಂಗೈ ಹಿಂಭಾಗ ಐದಾರು ಸೆಕೆಂಡ್ ಇಡಿ. ನಿಮಗೆ ಸುಟ್ಟರೆ ನಾಯಿಗೂ ಸುಡುತ್ತದೆ.

ಹೀಗೆ ನೋಡುತ್ತಾ ಹೋದಾಗ ಸಿಕ್ಕಿದ್ದು ಹೊಳೆ ಬದಿಯ ಮನೆ. ಕುಂದಾಪುರದಲ್ಲಿ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಅಲ್ಲಿನ ಹಿನ್ನೀರಿನಲ್ಲಿ ದೊಡ್ಡ ಅಲೆ ಇಲ್ಲ. ಕಡಲಿಗೆ ಕಾರಿನಲ್ಲಿ ಹತ್ತು ನಿಮಿಷ. ಬೇಸಿಗೆಯಲ್ಲಿ ನೀರು ಬೆಚ್ಚಗಿರುತ್ತದೆ. ಲೈಫ್ ಜಾಕೆಟ್ ಹಾಕಿ, ಹೊಟ್ಟೆಯ ಕೆಳಗೆ ನನ್ನ ಕೈ ಕೊಟ್ಟು ಹತ್ತು ನಿಮಿಷ ಈಜಿಸುತ್ತೇನೆ. ಉಬ್ಬರ ಏರಿ ನಿಂತ ಹೊತ್ತಿಗೆ ಮಾತ್ರ. ಇಳಿತ ಶುರುವಾದರೆ ನೀರು ಎಳೆಯುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಮ್ಮ ದಿನಚರಿ ಈಗ ಗಡಿಯಾರಕ್ಕಿಂತ ಕ್ಯಾಲೆಂಡರಿನ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ನಡೆಯುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಈಜು ಪೂರ್ತಿ ಬಂದ್.

ಬಾಡಿಗೆ ಮಾತಾಡುವ ಮೊದಲು ಪಕ್ಕದ ಮನೆಯವರನ್ನು ಒಂದು ಪ್ರಶ್ನೆ ಕೇಳಿದ್ದೆ. ನೆರೆ ಬಂದರೆ ನೀರು ಎಲ್ಲಿಯವರೆಗೆ ಬರುತ್ತದೆ? ಅವರು ತೆಂಗಿನ ಬುಡದ ಹತ್ತಿರ ಕರೆದುಕೊಂಡು ಹೋಗಿ ಗುರುತು ತೋರಿಸಿದರು. ನಮ್ಮ ಜಗಲಿ ಅದಕ್ಕಿಂತ ಎತ್ತರದಲ್ಲಿದೆ.

ಡಾಕ್ಟರ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಹೆಚ್ಚಿನ ಕೆಲಸ ದನಕರುಗಳದ್ದು. ಡಾಕ್ಟರು ಹಳ್ಳಿಗಳಿಗೂ ಹೋಗಬೇಕಾಗುತ್ತದೆ. ಹಾಗಾಗಿ ಬೆಳಿಗ್ಗೆಯೇ ಹೋಗಿ ಜೋನಿಯನ್ನು ತೋರಿಸಿ ಪರಿಚಯ ಮಾಡಿಕೊಂಡೆವು. ಎಕ್ಸ್‌ರೇ ಎಲ್ಲಿ, ಉಚ್ಚೆ ಪರೀಕ್ಷೆ ಎಲ್ಲಿ ಎಂದು ಕೇಳಿ ಬರೆದುಕೊಂಡೆ. ಇಂಥ ನಾಯಿಗಳಿಗೆ ಉಚ್ಚೆಯ ಸೋಂಕು ಪದೇ ಪದೇ ಬರುತ್ತದೆ.  ನಮಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದ್ದು, ಅದೂ ಘಾಟಿ ಹತ್ತಿ ಹೋಗಬೇಕು. ಘಟ್ಟದಲ್ಲಿ ಮಣ್ಣು ಕುಸಿದರೆ ದಾರಿ ಬಂದ್. ಅದಕ್ಕೇ ದೊಡ್ಡ ತಪಾಸಣೆಯನ್ನೆಲ್ಲ ಮೇ ತಿಂಗಳೊಳಗೆ ಮುಗಿಸುತ್ತೇವೆ. ಇಲಿ ಜ್ವರದ ಲಸಿಕೆಯನ್ನೂ ಮಳೆಗೆ ಮೊದಲೇ ಹಾಕಿಸುತ್ತೇವೆ.

ಇಷ್ಟೆಲ್ಲ ಮಾಡಿಯೂ ಮೊದಲ ಮಳೆಗಾಲದಲ್ಲಿ ತಪ್ಪಿದೆ. ತೊಡೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ತರಚಿತ್ತು. ಮುಲಾಮು ಹಚ್ಚಿ ಸುಮ್ನಾದೆ. ಎರಡು ದಿನ ಕೆಲಸದ ಒತ್ತಡ, ತಿರುಗಿಸಿ ನೋಡಲಿಲ್ಲ. ಮೂರನೇ ದಿನ ವಾಸನೆ ಬಂತು. ನೋಡಿದರೆ ಹುಳ ಬಿದ್ದಿತ್ತು. ಡಾಕ್ಟರು ಒಂದೊಂದಾಗಿ ಚಿಮಟದಲ್ಲಿ ತೆಗೆಯುವಾಗ ಜೋನಿ ನೋವಿಲ್ಲದೆ ನನ್ನ ಕೈ ನೆಕ್ಕುತ್ತಿದ್ದಳು. ಅವಳಿಗೆ ಅಲ್ಲಿ ಸ್ಪರ್ಶವೇ ಇಲ್ಲ. ನಾನು ಆಸ್ಪತ್ರೆಯಲ್ಲೇ ಅತ್ತುಬಿಟ್ಟೆ. ಅವತ್ತಿನಿಂದ ದಿನಾ ಸಂಜೆ ಟಾರ್ಚ್ ಹಿಡಿದು ಬಾಲದ ಬುಡದಿಂದ ಉಗುರಿನವರೆಗೆ ನೋಡುತ್ತೇನೆ. ಉಣ್ಣಿಯೂ ಆಗಲೇ ಸಿಗುತ್ತದೆ.

ಮಳೆಗಾಲದಲ್ಲಿ ಇಲ್ಲಿ ಏನೂ ಒಣಗುವುದಿಲ್ಲ. ಒದ್ದೆ ಹಾಸಿಗೆ, ಉಚ್ಚೆ, ಮೇಲಿಂದ ಸೆಕೆ ಸೇರಿದರೆ ಚರ್ಮ ಬೆಂದುಹೋಗುತ್ತದೆ. ಹಾಗಾಗಿ ಬಚ್ಚಲು ಒಲೆ ಇರುವ ಈ ಹಳೇ ಮನೆ ನಮಗೆ ವರವಾಯಿತು. ಒಲೆಯ ಮೇಲೆ ಹಗ್ಗ ಕಟ್ಟಿ ಅವಳ ಎಂಟು ಹಳೇ ಬೆಡ್‌ಶೀಟುಗಳನ್ನು ಸರದಿಯಲ್ಲಿ ಒಣಗಿಸುತ್ತೇವೆ. ಒಳಗೆ ಕೆಂಪು ಗಾರೆ ನೆಲ, ಅದರ ಮೇಲೆ ಅವಳು ಓಡಾಡುವ ದಾರಿಗೆಲ್ಲ ರಬ್ಬರ್ ಮ್ಯಾಟ್. ಅಂಗಳದಲ್ಲಿ ಪಾಚಿ ಕಟ್ಟದ ಹಾಗೆ ಅಡಿಕೆ ಸೋಗೆ ಹಾಸುತ್ತೇವೆ. ಸೋಗೆಯ ಮೇಲೆ ಗಾಡಿ ಹೋಗುವುದಿಲ್ಲ. ಆ ನಾಲ್ಕು ತಿಂಗಳು ಅವಳ ಓಡಾಟವೆಲ್ಲ ಉದ್ದ ಜಗಲಿಯಲ್ಲೇ. ಈ ಮನೆ ಒಪ್ಪಿದ್ದಕ್ಕೆ ಹೊಳೆಗಿಂತ ಆ ಜಗಲಿಯೇ ದೊಡ್ಡ ಕಾರಣ.

ಮಳೆ ಕಳೆದ ಮೇಲೆ ವಾರಕ್ಕೆರಡು ಸಲ ಕಡಲಿಗೆ ಹೋಗುತ್ತೇವೆ. ಅಲ್ಲಿ ಬಾಯಿಬುಟ್ಟಿ ಹಾಕಲೇಬೇಕು. ದಡದಲ್ಲಿ ನಿಂತೇ ಎಳೆಯುವ ಕೈರಂಪಣಿ ಬಲೆ ಎಳೆದ ಜಾಗದಲ್ಲಿ ಬೇಡದ ಮೀನು ಬಿದ್ದಿರುತ್ತದೆ. ಹೊಟ್ಟೆ ಉಬ್ಬಿಸಿಕೊಳ್ಳುವ ಜಾತಿಯ ಮೀನು ಸತ್ತು ಬಿದ್ದಿದ್ದರೂ ವಿಷವೇ. ಉಪ್ಪುನೀರು ಕುಡಿದರೆ ವಾಂತಿ, ಭೇದಿ. ಅದಕ್ಕೆ ಹೊರಡುವ ಮೊದಲೇ ಹೊಟ್ಟೆ ತುಂಬಾ ನೀರು ಕುಡಿಸುತ್ತೇನೆ. ಮನೆಗೆ ಬಂದ ಕೂಡಲೇ ಅವಳನ್ನೂ ಗಾಡಿಯನ್ನೂ ಬಾವಿ ನೀರಿನಲ್ಲಿ ತೊಳೆಯುತ್ತೇವೆ. ಆದರೂ ಚಕ್ರದ ಬೇರಿಂಗ್ ಎರಡು ಸಲ ತುಕ್ಕು ಹಿಡಿದು ಕೂತಿತು. ಈಗ ಹಾಕಿರುವುದು ಸ್ಟೇನ್‌ಲೆಸ್ ಸ್ಟೀಲಿನದ್ದು, ಒಂದು ವರ್ಷವಾಯಿತು, ಇನ್ನೂ ಸದ್ದು ಮಾಡಿಲ್ಲ.

ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲುಗಳಿವೆ. ಇವರು ಹಲಗೆ ಹೊಡೆದು ಇಳಿಜಾರು ಮಾಡಿದ್ದರು. ಕಳೆದ ಮಳೆಗೆ ಅದು ಕೊಳೆತಿದೆ. ಜೂನ್‌ಗೆ ಮೊದಲು ಸಿಮೆಂಟಿನದ್ದು ಮಾಡಿಸಿ ಎಂದು ಮನೆಯೊಡತಿ ಅಕ್ಕ ತಾವಾಗಿಯೇ ಹೇಳಿದ್ದಾರೆ. ಮುಂದಿನ ವಾರ ಮೇಸ್ತ್ರಿ ಬರುತ್ತಾರೆ. ಮೇಲ್ಮೈ ತೀರಾ ನುಣುಪೂ ಬೇಡ, ತೀರಾ ಒರಟೂ ಬೇಡ ಎಂದು ಅವರಿಗೆ ಜೋನಿಯ ಪಾದವನ್ನೇ ತೋರಿಸಿ ಹೇಳಬೇಕು.