ಗೋದಾಮಿನಲ್ಲಿದ್ದ ಒಪೆರಾ ಮತ್ತೆ ರಂಗಕ್ಕೆ: ನನ್ನ ಅನುಭವ

ವರ್ಷಗಟ್ಟಲೆ ಗೋದಾಮಿನಲ್ಲಿದ್ದ ‘ಐದಾ’ದಂಥ ದೊಡ್ಡ ಒಪೆರಾವನ್ನು, ಅಂದರೆ ಹಾಡಿನಲ್ಲೇ ಸಾಗುವ ನಾಟಕವನ್ನು, ಮತ್ತೆ ಕಟ್ಟುವಾಗ ನಾನು ಮೊದಲು ಹುಡುಕುವುದು ಸೆಟ್ಟನ್ನಲ್ಲ, ಹಿಂದಿನ ಸ್ಟೇಜ್ ಮ್ಯಾನೇಜರ್ ಗುರುತು ಹಾಕಿಟ್ಟ ಸ್ಕೋರನ್ನು, ಅಂದರೆ ಸ್ವರಲಿಪಿಯ ಪುಸ್ತಕವನ್ನು. ವಿಡಿಯೊ ಇದ್ದರೆ ಸಾಕು ಅನ್ನುವವರಿದ್ದಾರೆ. ದೀಪ ಬದಲಾದದ್ದು ವಿಡಿಯೊದಲ್ಲಿ ಕಾಣುತ್ತದೆ, ಯಾವ ಸ್ವರಕ್ಕೆ ಕ್ಯೂ (ಬದಲಾವಣೆಯ ಸೂಚನೆ) ಕೊಟ್ಟರು ಎಂಬುದು ಕಾಣುವುದಿಲ್ಲ. ಅಂದು ಯಾರೋ ತಡವಾಗಿ ಬಂದಿದ್ದರೆ ಆ ತಪ್ಪೇ ಪಾಠವಾಗಿ ಕೂರುತ್ತದೆ.

ಚಿತ್ರ ಬರೆದ ಪರದೆಗಳು ಕೊಳವೆಗೆ ಸುತ್ತಿಟ್ಟಿದ್ದರೆ ಬಚಾವು. ಮಡಚಿಟ್ಟಿದ್ದರೆ ಮಡಿಕೆಯುದ್ದಕ್ಕೂ ಬಣ್ಣ ಉದುರಿರುತ್ತದೆ. ಬೆಂಕಿ ನಿರೋಧಕ ದ್ರಾವಣ ಉಪ್ಪಿನಂಶದ್ದಾದರೆ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ. ಕೆಳ ಅಂಚಿನ ಒಳಮಡಿಕೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಬಯಲಿನಲ್ಲಿ ಇಕ್ಕಳದಿಂದ ಹಿಡಿದು 12 ಸೆಕೆಂಡು ಜ್ವಾಲೆ ತಾಗಿಸಿ. ಜ್ವಾಲೆ ತೆಗೆದ ಮೇಲೂ 2 ಸೆಕೆಂಡಿಗಿಂತ ಹೆಚ್ಚು ಉರಿದರೆ ಇಡೀ ಪರದೆಗೆ ಮತ್ತೆ ದ್ರಾವಣ ಹೊಡೆಯಬೇಕು. ಆಗ ಅದರ ತೂಕ ಏರುತ್ತದೆ, ಅದನ್ನು ಸರಿದೂಗಿಸಲು ಹಗ್ಗದ ಇನ್ನೊಂದು ತುದಿಗೆ ಏರಿಸುವ ಕಬ್ಬಿಣದ ಪ್ರತಿತೂಕ ಹಳೆಯ ಪಟ್ಟಿಗೆ ತಾಳೆಯಾಗುವುದಿಲ್ಲ. ಪರದೆ ತೂಗುವ ಪೈಪು ಕೆಳಗಿರುವಾಗ ಮೊದಲು ಪರದೆ ಕಟ್ಟಿ, ಆಮೇಲೆ ತೂಕದ ಕಬ್ಬಿಣ ಏರಿಸಿ. ಬಿಚ್ಚುವಾಗ ಮೊದಲು ಕಬ್ಬಿಣ. ಈ ಕ್ರಮ ತಿರುಗುಮುರುಗಾದರೆ ಪೈಪು ಹಿಡಿತ ತಪ್ಪಿ ಮೇಲಕ್ಕೆ ಹಾರುತ್ತದೆ.

ದೀಪಗಳು ಎಲ್‌ಇಡಿ ಆಗಿದ್ದರೆ ಬೆಳಕಿನ ಪ್ರಮಾಣದ ಹಳೆಯ ಶೇಕಡಾ ಅಂಕಿಗಳನ್ನು ನಂಬಬೇಡಿ. ತಂತಿಯ ಬಲ್ಬು ಮಂಕಾದಂತೆ ಕೆಂಪಿಗೆ ತಿರುಗುತ್ತಿತ್ತು, ಇದು ತಾನಾಗಿ ತಿರುಗುವುದಿಲ್ಲ. ಒಂದೊಂದು ಕ್ಯೂವನ್ನೂ ರಂಗದ ಮೇಲೆ ಆಳು ನಿಲ್ಲಿಸಿ, ಮುಖದ ಬಣ್ಣ ನೋಡಿಯೇ ಕಟ್ಟಬೇಕು.

ಹೆಚ್ಚು ಕಾಡುವುದು ಎರಡನೆಯ ಅಂಕದ ವಿಜಯ ಮೆರವಣಿಗೆ. ಅಲ್ಲಿ ಉದ್ದನೆಯ ತುತ್ತೂರಿಗಳು ಆರು: ಮೂರು ಎ-ಫ್ಲ್ಯಾಟ್ ಶ್ರುತಿಯವು, ಮೂರು ಬಿ ಶ್ರುತಿಯವು. ವಾದ್ಯವೃಂದದಿಂದ 17 ಮೀಟರ್ ದೂರ ನಿಂತವರಿಗೆ ಸದ್ದು ತಲುಪಲು ಸುಮಾರು 50 ಮಿಲಿಸೆಕೆಂಡು ಬೇಕು, ಅವರ ಸದ್ದು ಹಿಂದಿರುಗಲು ಇನ್ನೊಂದು 50. ಕಿವಿ ನಂಬಿ ಊದಿದರೆ ಕೆಟ್ಟಿತು. ವಾದ್ಯವೃಂದ ನಡೆಸುವ ಕಂಡಕ್ಟರರ ಕೋಲನ್ನೇ ನೋಡಿ, ಕೇಳಿಸುವುದಕ್ಕಿಂತ ತುಸು ಮೊದಲೇ ಊದಬೇಕು. ಆ ಕೋಲು ಟಿವಿ ಪರದೆಯಲ್ಲಿ ಕಾಣುವುದಾದರೆ ಅದೂ ತಡ. ಅಳೆಯಲು ಸುಲಭ ದಾರಿ: ಕೋಲು, ಟಿವಿ ಎರಡೂ ಒಂದೇ ಚೌಕಟ್ಟಿಗೆ ಬರುವಂತೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆದು, ನಿಜವಾದ ಕೋಲು ಬಿದ್ದದ್ದಕ್ಕೂ ಟಿವಿಯ ಕೋಲು ಬಿದ್ದದ್ದಕ್ಕೂ ನಡುವಿನ ಫ್ರೇಮುಗಳನ್ನು ಎಣಿಸಿ. ಒಂದು ಫ್ರೇಮು ಎಂದರೆ ಸುಮಾರು 4 ಮಿಲಿಸೆಕೆಂಡು. ಹತ್ತು ಫ್ರೇಮು ದಾಟಿದರೆ ಮೊದಲು ಟಿವಿಯನ್ನು ಚಿತ್ರದ ತಡ ತಗ್ಗಿಸುವ ಗೇಮ್ ಮೋಡ್‌ಗೆ ಹಾಕಿ, ನಡುವಿನ ಕನ್ವರ್ಟರ್ ಡಬ್ಬಿಗಳನ್ನು ತೆಗೆದು ಕ್ಯಾಮೆರಾದಿಂದ ನೇರ ತಂತಿ ಎಳೆಯಿರಿ.