ಮಾರಾದಲ್ಲಿ ಒಂದೇ ಸಿಂಹದ ಗುಂಪಿನ ಬೆನ್ನುಹತ್ತಿ ನೋಡುವ ಬಗೆ

ಕೀನ್ಯಾದ ಮಾಸಾಯಿ ಮಾರಾ ಅಭಯಾರಣ್ಯದಲ್ಲಿ ಹೆಚ್ಚಿನ ಸಫಾರಿ ಗಾಡಿಗಳು ಸಿಂಹಗಳ ಹತ್ತಿರ ಹತ್ತು ನಿಮಿಷ ನಿಂತು ಮುಂದೆ ಹೋಗುತ್ತವೆ. ಅಷ್ಟರಲ್ಲಿ ಕಾಣುವುದು ನಿದ್ದೆ ಮಾತ್ರ. ಸಿಂಹ ದಿನಕ್ಕೆ 16ರಿಂದ 20 ಗಂಟೆ ಬಿದ್ದುಕೊಂಡೇ ಇರುತ್ತದೆ. ಅದರ ಸಂಸಾರ ನೋಡಬೇಕಿದ್ದರೆ ಒಂದೇ ಗುಂಪಿನ ಹತ್ತಿರ ಮೂರು ದಿನವಾದರೂ ಬೆಳಿಗ್ಗೆ ಸಂಜೆ ಹೋಗಿ ಕೂರಬೇಕು. ನಾನು ಮಾಡುವುದು ಇಷ್ಟೇ.

ಡ್ರೈವರ್‌ಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಹೇಳದಿದ್ದರೆ ಗಾಡಿಯ ರೇಡಿಯೋದಲ್ಲಿ ಬೇರೆ ಡ್ರೈವರ್‌ಗಳಿಂದ ಚಿರತೆಯ ಸುದ್ದಿ ಬಂದ ತಕ್ಷಣ ಗಾಡಿ ತಿರುಗಿಸುತ್ತಾರೆ. ತಪ್ಪು ಅವರದಲ್ಲ, ಬಂದವರೆಲ್ಲ ಕೇಳುವುದೇ ಅದನ್ನು. ಗಾಡಿಯಲ್ಲಿ ಜೊತೆಗಿರುವವರೂ ಇದಕ್ಕೆ ಒಪ್ಪಿರಬೇಕು, ಇಲ್ಲವಾದರೆ ಎರಡನೇ ದಿನಕ್ಕೇ ಅಸಮಾಧಾನ ಶುರುವಾಗುತ್ತದೆ.

ಸೆಪ್ಟೆಂಬರ್, ಅಕ್ಟೋಬರ್ ನನಗೆ ಹಿಡಿಸಿದ ತಿಂಗಳು. ಅಷ್ಟರಲ್ಲಿ ವಿಲ್ಡಬೀಸ್ಟ್ ಎಂಬ ಹುಲ್ಲು ಮೇಯುವ ದೊಡ್ಡ ಪ್ರಾಣಿಯ ಹಿಂಡುಗಳು ಹುಲ್ಲು ಮೇಯ್ದು ಕುಳ್ಳಗೆ ಮಾಡಿರುತ್ತವೆ, ಮಲಗಿದ ಮರಿಯೂ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಹುಲ್ಲು ಎತ್ತರ, ನೆಲವೂ ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಂಥದ್ದು. ಗಾಲಿ ಹೂತರೆ ಬೆಳಗಿನ ಹೊತ್ತು ಅಲ್ಲೇ ಮುಗಿಯಿತು. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಬರಬೇಡಿ. ಮಾರಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಚಾವಣಿ ತೆರೆದ ಗಾಡಿಯಲ್ಲಿ ಬೆಳಗಿನ ಆರಕ್ಕೆ ಸ್ವೆಟರ್, ಟೋಪಿ ಎರಡೂ ಬೇಕು. 8x42 ಬೈನಾಕ್ಯುಲರ್, ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಟ್ರೈಪಾಡ್ ಬೇಡ. ಖಾಲಿ ಬಟ್ಟೆಚೀಲ ಒಯ್ದು ನೈರೋಬಿಯಲ್ಲಿ ಎರಡು ಕಿಲೋ ಅಕ್ಕಿ ತುಂಬಿಸಿ ಚಾವಣಿಯ ಅಂಚಿಗಿಟ್ಟರೆ ಕ್ಯಾಮೆರಾದ ಲೆನ್ಸ್ ಗಟ್ಟಿಯಾಗಿ ಕೂರುತ್ತದೆ.

ಹುಡುಕುವ ಕೆಲಸ ಹಾಸಿಗೆಯಲ್ಲೇ ಶುರು. ನಸುಕಿನ ನಾಲ್ಕು, ಐದರ ಹೊತ್ತಿಗೆ ಗರ್ಜನೆ ಕೇಳಿಸುತ್ತದೆ: ಮೊದಲು ಉದ್ದನೆಯ ನರಳಿಕೆ, ಆಮೇಲೆ ತುಂಬು ಗರ್ಜನೆ, ಕೊನೆಗೆ ಚಿಕ್ಕ ಚಿಕ್ಕ ಹೂಂಕಾರಗಳ ಸಾಲು. ಗಾಳಿ ನಿಂತಿದ್ದರೆ ಎಂಟು ಕಿಲೋಮೀಟರ್ ದೂರದ್ದೂ ಕೇಳೀತು, ಹಾಗಾಗಿ ದೂರವನ್ನು ನಂಬಬೇಡಿ, ದಿಕ್ಕನ್ನು ನಂಬಿ. ಫೋನಿನ ದಿಕ್ಸೂಚಿ ನೋಡಿ ದಿಕ್ಕು ಬರೆದಿಟ್ಟುಕೊಂಡು ಡ್ರೈವರ್‌ಗೆ ಕೊಡುತ್ತೇನೆ.

ಗುಂಪು ಸಿಕ್ಕಮೇಲೆ ಮೊದಲ ಅರ್ಧ ಗಂಟೆ ಗುರುತು ಹಚ್ಚುವುದಕ್ಕೇ ಮೀಸಲು. ಯಾರು ಯಾರೆಂದು ಗೊತ್ತಾಗದೆ ನಡವಳಿಕೆ ಅರ್ಥವಾಗುವುದಿಲ್ಲ. ಮೀಸೆಯ ಬುಡದ ಚುಕ್ಕೆಗಳನ್ನು ನೋಡಿ: ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದೆರಡು, ಹೆಚ್ಚೆಂದರೆ ಕೆಲವೇ ಚುಕ್ಕೆ ಇರುತ್ತವೆ. ಅವು ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕಿವೆ ಎಂಬುದೇ ಗುರುತು. ಎಡಗೆನ್ನೆ, ಬಲಗೆನ್ನೆ ಬೇರೆ ಬೇರೆ, ಎರಡನ್ನೂ ಬರೆದುಕೊಳ್ಳಬೇಕು. ಜೊತೆಗೆ ಕಿವಿಯ ಹರಕು, ಮೂಗಿನ ಬಣ್ಣ. ಎಳೆಯದರ ಮೂಗು ಗುಲಾಬಿ, ವಯಸ್ಸಾದಂತೆ ಕಪ್ಪು ಚುಕ್ಕೆ ಹರಡುತ್ತದೆ. ಹೆಣ್ಣುಗಳೆಲ್ಲ ತಾಯಿ, ಮಗಳು, ಚಿಕ್ಕಮ್ಮ, ದೊಡ್ಡಮ್ಮ ಎಂಬ ನಂಟಿನವು, ತವರು ಬಿಡುವುದು ಅಪರೂಪ. ಗಂಡುಗಳು ಹೊರಗಿನಿಂದ ಬಂದವು, ಎರಡು ಮೂರು ವರ್ಷ ಯಜಮಾನಿಕೆ ಮಾಡಿ ಹೋಗುವವು.

ಮುಂದೆ ಹೊಟ್ಟೆ ನೋಡಿ. ಡೋಲಿನಂತೆ ಬಿಗಿದಿದ್ದರೆ ಬೇಟೆಗೆ ಕಾಯುವುದು ವ್ಯರ್ಥ, ಮರಿಗಳ ಆಟ ನೋಡಿ. ಪಕ್ಕೆಯ ಹಿಂದೆ ಗುಳಿ ಬಿದ್ದಿದ್ದರೆ ಸಂಜೆ ನಾಲ್ಕೂವರೆಗೇ ಬಂದು ಎಂಜಿನ್ ಆರಿಸಿ ಕೂರಿ.

ನನಗೆ ಅತಿ ಪ್ರಿಯವಾದದ್ದು ಗುಂಪು ಏಳುವ ಈ ಹೊತ್ತು. ಒಂದು ತಲೆ ಎತ್ತಿ ಆಕಳಿಸುತ್ತದೆ, ಮತ್ತೆ ಮಲಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದರ ಆಕಳಿಕೆ. ಮುಂಗಾಲು ನೆಕ್ಕಿಕೊಳ್ಳುತ್ತವೆ. ಆಮೇಲೆ ಒಂದು ಎದ್ದು ಪಕ್ಕದವಳ ಹಣೆಗೆ ಹಣೆ ಉಜ್ಜುತ್ತದೆ, ಗದ್ದದ ಕೆಳಗೆ ತಲೆ ತೂರಿಸುತ್ತದೆ, ಮೈಗೆ ಮೈ ಒರಗಿಸಿ ಸವರಿಕೊಂಡೇ ಮುಂದೆ ಸಾಗುತ್ತದೆ. ಆಕಳಿಕೆ ಒಂದರ ಹಿಂದೊಂದು ಬರತೊಡಗಿದರೆ ಅರ್ಧದಿಂದ ಒಂದು ಗಂಟೆಯಲ್ಲಿ ಗುಂಪು ಹೊರಡುತ್ತದೆ ಎಂಬುದು ನನ್ನ ಲೆಕ್ಕ. ಉಳಿದ ಗಾಡಿಗಳು ಹೊರಟುಹೋಗುವುದು ಸರಿಯಾಗಿ ಮೊದಲ ಆಕಳಿಕೆಯ ಹೊತ್ತಿಗೇ.

ಬೇಟೆ ಶುರುವಾದರೆ ಗಾಡಿ ಅಲುಗಬಾರದು. ತಲೆ ತಗ್ಗಿ, ಹೆಗಲ ಮೂಳೆ ಬೆನ್ನಿಗಿಂತ ಮೇಲೆದ್ದಿತೆಂದರೆ ಹೊಂಚು. ಜೀಬ್ರಾ ತಲೆಯೆತ್ತಿದಾಗ ಸಿಂಹ ಕಲ್ಲಾಗುತ್ತದೆ, ಜೀಬ್ರಾ ಮೇಯಲು ಬಗ್ಗಿದಾಗ ನಾಲ್ಕು ಹೆಜ್ಜೆ ಇಡುತ್ತದೆ. ಆ ಹೊತ್ತಿಗೆ ಬೇರೆ ಸಿಂಹಿಣಿಯರು ಎಲ್ಲಿದ್ದಾರೆ ನೋಡಿ, ಒಬ್ಬಳು ಬಳಸಿಕೊಂಡು ಆಚೆ ಬದಿಗೆ ಹೋಗಿರುತ್ತಾಳೆ. ಸಿಂಹ ಓಡುವುದು ಕೊನೆಯ ಹತ್ತಾರು ಮೀಟರ್ ಮಾತ್ರ. ಅಲ್ಲಿವರೆಗೆ ಮರೆ ಬೇಕು. ಗಾಡಿಯನ್ನೇ ಮರೆ ಮಾಡಿಕೊಳ್ಳುವುದೂ ಉಂಟು. ಒಳ್ಳೆ ಕೋನಕ್ಕೆಂದು ಆಗ ಗಾಡಿ ಚಾಲೂ ಮಾಡಿದರೆ ಸಿಂಹದ ಮರೆ ತಪ್ಪಿತು, ಊಟವೂ ತಪ್ಪಿತು. ಸುಮ್ಮನಿದ್ದರೂ ಹೆಚ್ಚಿನ ಬೇಟೆಗಳು ಸೋಲುತ್ತವೆ, ನಮ್ಮಿಂದ ಇನ್ನೊಂದು ಸೇರಬಾರದು. ಮಾರಾದ ನಿಯಮ ಒಂದು ಪ್ರಾಣಿಯ ಸುತ್ತ ಐದೇ ಗಾಡಿ, 25 ಮೀಟರ್ ಅಂತರ ಎನ್ನುತ್ತದೆ. ಡ್ರೈವರ್ ಮುಂದೆ ಹೋಗದಿದ್ದರೆ ಅವರನ್ನು ಒತ್ತಾಯಿಸಬೇಡಿ.

ಜೋಡಿ ಗುಂಪಿನಿಂದ ದೂರ ಕೂತಿದ್ದರೆ ಅವು ಕೂಡುವ ದಿನಗಳು. ಮೂರು ನಾಲ್ಕು ದಿನ, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ. ಗಡಿಯಾರ ನೋಡಿ ಕಾದರೆ ಸಾಕು.

ಹಾಲು ಕುಡಿಸಿದ ಗುರುತಿರುವ ಸಿಂಹಿಣಿ, ಅಂದರೆ ಮೊಲೆಯ ಸುತ್ತ ಕೂದಲು ಒದ್ದೆಯಾಗಿ ಅಂಟಿದವಳು, ಒಂಟಿಯಾಗಿ ಪೊದೆಯ ಕಡೆ ನೇರ ನಡೆದರೆ ಹಿಂಬಾಲಿಸಬೇಡಿ. ಆರೆಂಟು ವಾರ ತಾಯಿ ಮರಿಗಳನ್ನು ಗುಂಪಿನಿಂದಲೂ ಮುಚ್ಚಿಟ್ಟಿರುತ್ತಾಳೆ. ಪೊದೆಯ ಮುಂದೆ ನಿಂತ ಗಾಡಿ ಕತ್ತೆಕಿರುಬಕ್ಕೆ ದಾರಿ ತೋರಿಸುತ್ತದೆ. ಗುಂಪಿಗೆ ಸೇರಿದ ಮೇಲೆ ಮರಿಗಳು ಚಿಕ್ಕಮ್ಮಂದಿರ ಹಾಲನ್ನೂ ಕುಡಿಯುತ್ತವೆ, ಆಗ ಮನಸಾರೆ ನೋಡಬಹುದು.

ಕತ್ತಲಾಗುವ ಮೊದಲು ಹೊರಬೀಳಲೇಬೇಕು. ಗುಂಪು ಹೊರಟ ದಿಕ್ಕು, ಹತ್ತಿರದ ಮರ ಅಥವಾ ಹಳ್ಳ, ಎಷ್ಟು ಹೆಣ್ಣು, ಎಷ್ಟು ಮರಿ, ಹೊಟ್ಟೆ ಹೇಗಿತ್ತು ಎಂದು ಗಾಡಿಯಲ್ಲೇ ಬರೆದುಬಿಡುತ್ತೇನೆ. ಮರುದಿನ ಆ ಮರದಿಂದಲೇ ಹುಡುಕಾಟ.