ಗಣಿಗೆ ಬಂಡವಾಳ ಕೇಳುವುದು ಹೇಗೆ: ಮೊದಲು ಬಂಡೆಯ ಲೆಕ್ಕ, ಆಮೇಲೆ ಬಣ್ಣದ ಪುಸ್ತಕ

ಹೊಸ ಗಣಿ ಯೋಜನೆಗೆ ಬಂಡವಾಳ ಹುಡುಕುವವರಲ್ಲಿ ಹೆಚ್ಚಿನವರು ಮೊದಲ ಪುಟದಲ್ಲೇ ಎಡವುತ್ತಾರೆ. ಗುಡ್ಡದಲ್ಲಿ ಇಷ್ಟು ಟನ್ ಇದೆ ಎಂದು ಊಹಿಸಿ, ಅದನ್ನು ಇವತ್ತಿನ ಮಾರುಕಟ್ಟೆ ದರದಿಂದ ಗುಣಿಸಿ, ಬಂದ ಸಾವಿರಾರು ಕೋಟಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಗಣಿ ಬಲ್ಲ ಹೂಡಿಕೆದಾರ ಆ ಅಂಕಿ ಕಂಡ ಕೂಡಲೇ ಕಡತ ಮುಚ್ಚುತ್ತಾನೆ. ಗಣಿ ಅರಿಯದವನು ನಂಬಿ ಹಣ ಕೊಡುತ್ತಾನೆ, ಆಮೇಲೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಾನೆ.

ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ನಡೆಯುವ ಇಂಥ ಸಭೆಗಳನ್ನು ಸಾಕಷ್ಟು ನೋಡಿದ್ದೇನೆ. ಡ್ರೋನ್ ವಿಡಿಯೊ ಇರುತ್ತದೆ, ಮೇಜಿನ ಮೇಲೆ ಮಿನುಗುವ ಕಲ್ಲು ಇರುತ್ತದೆ, ನೆಲದಾಳದಿಂದ ಕೊರೆದು ತೆಗೆದ ಉದ್ದನೆಯ ಕಲ್ಲಿನ ಕಡ್ಡಿ, ಅಂದರೆ ಕೋರ್‌ನ ಒಂದು ಫೋಟೊ ಇರುವುದಿಲ್ಲ. ಸರಿಯಾದ ಕ್ರಮವನ್ನು ಚಿನ್ನದ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಭ್ರಮೆಗೂ ಮೋಸಕ್ಕೂ ಅತಿ ಹೆಚ್ಚು ಎಡೆ ಕೊಡುವ ಲೋಹ ಅದು.

ಹೆಜ್ಜೆ 1: ಹಕ್ಕಿನ ಕಾಗದ

ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರ ಚಿನ್ನ, ಕಬ್ಬಿಣದಂಥ ಪ್ರಮುಖ ಖನಿಜಗಳ ಹಕ್ಕನ್ನು ಖಾಸಗಿಯವರು ಪಡೆಯುವ ಮುಖ್ಯ ದಾರಿ ಹರಾಜು. ನಿಮ್ಮ ಕೈಯಲ್ಲಿರುವುದು ಲೆಟರ್ ಆಫ್ ಇಂಟೆಂಟ್ (ಹಕ್ಕು ಕೊಡುವ ಇರಾದೆ ತಿಳಿಸುವ ಸರ್ಕಾರಿ ಪತ್ರ) ಮಾತ್ರವೋ, ನೋಂದಣಿಯಾದ ಕಾಂಪೋಸಿಟ್ ಲೈಸೆನ್ಸೋ (ಮೊದಲು ಶೋಧನೆ, ಆಮೇಲೆ ಗಣಿಗಾರಿಕೆಗೆ ಹೋಗುವ ಪರವಾನಗಿ), ಗಣಿ ಗುತ್ತಿಗೆಯೋ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಹರಾಜಿನಲ್ಲಿ ಎಷ್ಟು ಪ್ರತಿಶತ ಪ್ರೀಮಿಯಂ (ಅದಿರಿನ ಮೌಲ್ಯದಲ್ಲಿ ಸರ್ಕಾರಕ್ಕೆ ಕೊಡುವ ಪಾಲು) ಕೂಗಿದ್ದೀರಿ ಎಂಬುದು ಎರಡನೆಯ ಸಾಲಿನಲ್ಲಿರಲಿ. ದೇಶದ ಕೆಲವು ಕಬ್ಬಿಣದ ಅದಿರಿನ ಬ್ಲಾಕ್‌ಗಳಿಗೆ ಕೂಗಿದ ಪ್ರೀಮಿಯಂ ನೂರು ಪ್ರತಿಶತ ದಾಟಿದೆ. ಅಂಥದ್ದನ್ನು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಅಡಗಿಸಿಟ್ಟವರ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಹಳೆಯ ಅರ್ಜಿಯೊಂದು ಸರ್ಕಾರದ ಮುಂದಿದೆ, ಇನ್ನೇನು ಆಗಿಬಿಡುತ್ತದೆ ಎಂದು ಹಣ ಎತ್ತುವವರೂ ಇದ್ದಾರೆ. ವರ್ಷಗಟ್ಟಲೆ ಶೋಧನೆ ನಡೆಸಿ ಗುತ್ತಿಗೆಗಾಗಿ ಕಾದಿದ್ದವರ ಅರ್ಜಿಗಳೇ 2021ರ ತಿದ್ದುಪಡಿಯಿಂದ ಬಿದ್ದುಹೋದವು. ಅರ್ಜಿಯ ಮೇಲೆ ಬಂಡವಾಳ ಕೇಳಬೇಡಿ.

ಹೆಜ್ಜೆ 2: ಯಾರನ್ನು ಕೇಳಬಹುದು

ಕಂಪನಿ ಕಾಯ್ದೆ 2013ರ 42ನೇ ಸೆಕ್ಷನ್ ಪ್ರಕಾರ ಖಾಸಗಿಯಾಗಿ ಷೇರು ನೀಡುವುದಾದರೆ ಒಂದು ಹಣಕಾಸು ವರ್ಷದಲ್ಲಿ 200 ಜನರನ್ನು ಮೀರುವಂತಿಲ್ಲ. ಅರ್ಹ ಸಂಸ್ಥಾ ಹೂಡಿಕೆದಾರರು ಮತ್ತು ಸಿಬ್ಬಂದಿಗೆ ಕೊಡುವ ಷೇರು ಈ ಲೆಕ್ಕಕ್ಕೆ ಬರುವುದಿಲ್ಲ. ಯಾರಿಗೆ ಎಂಬುದು ಮೊದಲೇ ಹೆಸರು ಸಮೇತ ನಿಗದಿಯಾಗಿರಬೇಕು. ಜಾಹೀರಾತು ಕೊಡುವಂತಿಲ್ಲ, ನಗದು ಮುಟ್ಟುವಂತಿಲ್ಲ. ಬಂದ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, 60 ದಿನದೊಳಗೆ ಷೇರು ಹಂಚಬೇಕು. ಹಂಚದಿದ್ದರೆ ನಂತರದ 15 ದಿನದಲ್ಲಿ ಹಣ ಹಿಂತಿರುಗಿಸಬೇಕು, ಅದೂ ತಪ್ಪಿದರೆ 12 ಪ್ರತಿಶತ ಬಡ್ಡಿ.

ನಿಮ್ಮ ಕಿರುಹೊತ್ತಗೆಯನ್ನು ನೂರಾರು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದನ್ನು ಖಾಸಗಿ ಆಹ್ವಾನ ಎಂದು ವಾದಿಸುವುದು ಕಷ್ಟ. ತಿಂಗಳಿಗೆ ಇಷ್ಟು ಖಚಿತ ಆದಾಯ ಎಂದು ಬರೆದುಕೊಟ್ಟು ಹಣ ಪಡೆದರೆ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯ ಬಾಗಿಲಿಗೆ ನೀವೇ ಹೋಗಿ ನಿಂತಂತೆ. ಅದರಲ್ಲಿ ಜೈಲು ಶಿಕ್ಷೆಯಿದೆ. ಕಂಪನಿ ಸೆಕ್ರೆಟರಿಯೊಬ್ಬರ ಶುಲ್ಕ ಉಳಿಸಲು ಹೋಗಬೇಡಿ.

ಹೆಜ್ಜೆ 3: ಬಂಡೆಯ ಪುರಾವೆ

ಎಲ್ಲರೂ ಕೆಡಿಸುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೇಲ್ಮೈಯಿಂದ ಆರಿಸಿ ತಂದ ಕಲ್ಲು ಪುರಾವೆಯಲ್ಲ. ಮನುಷ್ಯನ ಕಣ್ಣು ಹೊಳೆಯುವ ಕಲ್ಲನ್ನೇ ಆರಿಸುತ್ತದೆ. ಅದರ ಪರೀಕ್ಷಾ ವರದಿ ಆ ಕಲ್ಲಿನ ಬಗ್ಗೆ ಹೇಳುತ್ತದೆಯೇ ಹೊರತು ಗುಡ್ಡದ ಬಗ್ಗೆ ಅಲ್ಲ. 1880ರ ಸುಮಾರಿಗೆ ವೈನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ 30ಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ದೇವಾಲ, ಪಂದಲೂರಿನ ಸುತ್ತ ಯಂತ್ರಗಳು ಬಂದವು, ಬಂಗಲೆಗಳು ಎದ್ದವು. ಅರೆಯುವ ಯಂತ್ರಗಳು ತಿರುಗತೊಡಗಿದ ಮೇಲೆ ವರದಿಗಳು ಹೇಳಿದಷ್ಟು ಚಿನ್ನ ಸಿಗಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು.

ಕೈಯಲ್ಲಿ ಹಿಡಿದು ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದ ಅಂಕಿಯನ್ನು ಚಿನ್ನಕ್ಕೆ ಬಳಸಬೇಡಿ. ಆಭರಣದಂಗಡಿಯಲ್ಲಿ ಬಳೆಯ ಶುದ್ಧತೆ ನೋಡಲು ಅದು ಸಾಕು. ಅದಿರಿನಲ್ಲಿ ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವಾದುದನ್ನು ಅದು ನಂಬುವಂತೆ ಅಳೆಯಲಾರದು. ಕಲ್ಲಿನಲ್ಲಿ ಆರ್ಸೆನಿಕ್ ಅಥವಾ ಸತು ಇದ್ದರೆ ಅದನ್ನೇ ಚಿನ್ನವೆಂದು ತೋರಿಸುವುದೂ ಉಂಟು. ಇನ್ನು ಆನ್‌ಲೈನ್‌ನಲ್ಲಿ ಮಾರುವ, ಕಿಲೋಮೀಟರ್ ದೂರದ ಚಿನ್ನವನ್ನು ಕಡ್ಡಿ ತಿರುಗಿಸಿ ತೋರಿಸುವ ‘ಲಾಂಗ್ ರೇಂಜ್ ಲೊಕೇಟರ್’ಗಳು ಏನನ್ನೂ ಅಳೆಯುವುದಿಲ್ಲ. ಕಡತದಲ್ಲಿ ಅದರ ಹೆಸರು ಕಂಡರೆ ನಾನು ಮುಂದೆ ಓದುವುದಿಲ್ಲ.

ಬೇಕಾದುದು ವಜ್ರದ ಹರಳು ಕೂರಿಸಿದ ಮೊನೆಯಿಂದ ಕೊರೆಯುವ ಡೈಮಂಡ್ ಡ್ರಿಲ್ಲಿಂಗ್‌ನಿಂದ ತೆಗೆದ ಕೋರ್. ಅದನ್ನು ಉದ್ದಕ್ಕೆ ಗರಗಸದಿಂದ ಸೀಳಿ, ಒಂದು ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದು ಅರ್ಧವನ್ನು ಪೆಟ್ಟಿಗೆಯಲ್ಲಿ ಹಾಗೆಯೇ ಇಡಬೇಕು. ಈ ಅರ್ಧ ನಿಮ್ಮ ಸಾಕ್ಷಿ. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ಚಿನ್ನ ಸಿಕ್ಕಿದೆ ಎಂದು ಕೆನಡಾದ ಬ್ರೆ-ಎಕ್ಸ್ ಕಂಪನಿ ಸಾರಿದಾಗ ಅದರ ಷೇರು ಮೌಲ್ಯ 6 ಶತಕೋಟಿ ಕೆನಡಾ ಡಾಲರ್‌ವರೆಗೆ ಏರಿತ್ತು. ಅಲ್ಲಿ ಕೋರ್ ಸೀಳಿ ಅರ್ಧ ಉಳಿಸುವ ಪದ್ಧತಿಯನ್ನೇ ಕೈಬಿಟ್ಟು, ಬಹುಪಾಲು ಪೂರ್ತಿ ಕೋರನ್ನು ಪುಡಿ ಮಾಡಲು ಕಳಿಸುತ್ತಿದ್ದರು. ದಾರಿಯಲ್ಲಿ ಯಾರೋ ಆ ಮಾದರಿಗೆ ಹೊಳೆಯ ಚಿನ್ನದ ಕಣ ಬೆರೆಸುತ್ತಿದ್ದರು. 1997ರಲ್ಲಿ ಬೇರೆ ಕಂಪನಿ ಪಕ್ಕದಲ್ಲೇ ಕೊರೆದು ನೋಡಿದಾಗ ಗಣಿಗಾರಿಕೆಗೆ ಯೋಗ್ಯವಾದ ಚಿನ್ನವೇ ಇರಲಿಲ್ಲ. ಕೆನಡಾ 2001ರಲ್ಲಿ ಜಾರಿಗೆ ತಂದ 43-101 ಎಂಬ ವರದಿ ನಿಯಮದ ಹಿಂದೆ ಈ ಹಗರಣವಿದೆ. ಅರ್ಧ ಕೋರ್ ಇಲ್ಲದ ಯೋಜನೆಯನ್ನು ಯಾರ ಮುಂದೆಯೂ ಇಡಬೇಡಿ.

ಚೀಲಗಳಿಗೆ ಸಂಖ್ಯೆ ಹಾಕಿ, ಮೊಹರು ಮಾಡಿ, ಯಾರು ಕಟ್ಟಿದರು, ಯಾರು ಒಯ್ದರು, ಪ್ರಯೋಗಾಲಯದಲ್ಲಿ ಯಾರು ಪಡೆದರು ಎಂದು ಬರೆದಿಡಿ. ಸುಮಾರು ಪ್ರತಿ ಇಪ್ಪತ್ತು ಮಾದರಿಗೆ ಮೂರು ಗುಪ್ತ ಚೀಲ ಸೇರಿಸಿ: ಚಿನ್ನವಿಲ್ಲವೆಂದು ಗೊತ್ತಿರುವ ಕಲ್ಲಿನದೊಂದು, ಪ್ರಮಾಣ ಖಚಿತವಾಗಿರುವ ಪ್ರಮಾಣಿತ ಪುಡಿಯದೊಂದು, ಮೊದಲೇ ಕಳಿಸಿದ ಮಾದರಿಯ ನಕಲು ಒಂದು. ಖಾಲಿ ಕಲ್ಲಿನಲ್ಲಿ ಚಿನ್ನ ಬಂದರೆ ಎಲ್ಲೋ ಬೆರಕೆಯಾಗಿದೆ. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಫೈರ್ ಅಸೇ (ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನ ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿ. ನನ್ನನ್ನು ಕೇಳಿದರೆ 30 ಗ್ರಾಂ ಬದಲು 50 ಗ್ರಾಂ ಪುಡಿಯ ಪರೀಕ್ಷೆಗೇ ಹೇಳಿ. ದಪ್ಪ ಕಣದ ಚಿನ್ನವಿರುವಲ್ಲಿ ಚಿಕ್ಕ ಮಾದರಿ ಬಲು ಸುಲಭವಾಗಿ ದಾರಿ ತಪ್ಪಿಸುತ್ತದೆ.

ಫಲಿತಾಂಶ ಬಂದ ಮೇಲೆ ಅದನ್ನು ಬರೆಯುವ ರೀತಿಯಲ್ಲೂ ಪ್ರಾಮಾಣಿಕತೆ ಬೇಕು. ‘8 ಮೀಟರ್ ಉದ್ದಕ್ಕೆ ಟನ್ನಿಗೆ 5 ಗ್ರಾಂ’ ಎಂಬ ಸಾಲನ್ನೇ ನೋಡಿ. ಬಿಡಿಸಿದರೆ, ಒಂದೇ ಮೀಟರ್‌ನಲ್ಲಿ 36 ಗ್ರಾಂ, ಉಳಿದ ಏಳು ಮೀಟರ್‌ನಲ್ಲಿ ತಲಾ ಅರ್ಧ ಗ್ರಾಂಗಿಂತ ತುಸು ಹೆಚ್ಚು ಇರಬಹುದು. ಸರಾಸರಿ ಸರಿಯೇ, ಆದರೆ ಗಣಿ ನಡೆಯುವುದು ಆ ಒಂದು ಮೀಟರ್‌ನ ಮೇಲೆ. ಎರಡನ್ನೂ ಬರೆಯಿರಿ. ಅದಿರಿನ ಪಟ್ಟಿಯನ್ನು ಓರೆಯಾಗಿ ಕೊರೆದಿದ್ದರೆ ಕೊಳವೆಯಲ್ಲಿ 8 ಮೀಟರ್ ಕಂಡದ್ದು ನಿಜದಲ್ಲಿ 4 ಮೀಟರ್ ದಪ್ಪ ಮಾತ್ರ ಇರಬಹುದು. ನಿಜವಾದ ದಪ್ಪವನ್ನೂ ಕೊಡಿ. ಏನೂ ಸಿಗದ ಕೊಳವೆಗಳನ್ನು ನಕ್ಷೆಯಿಂದ ಅಳಿಸಬೇಡಿ. ಅದಿರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುವುದೇ ಅವು.

ಕೊನೆಗೆ ಒಟ್ಟು ಅಂದಾಜು. ನಮ್ಮ ದೇಶದ ನಿಯಮದಲ್ಲಿ ಶೋಧನೆಯ ಹಂತಗಳು ಜಿ4ರಿಂದ ಜಿ1ರವರೆಗೆ. ಜಿ4 ಪ್ರಾಥಮಿಕ ಸಮೀಕ್ಷೆ, ಜಿ1 ವಿವರವಾದ ಶೋಧನೆ. ನಿಮ್ಮ ಬ್ಲಾಕ್ ಯಾವ ಹಂತದಲ್ಲಿದೆ ಎಂಬುದು ಟನ್ ಅಂಕಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿರಲಿ. ಮಂಡ್ಯ ಜಿಲ್ಲೆಯ ಮರಳಗಾಲದ ಲಿಥಿಯಂ ನೆನಪಿಸಿಕೊಳ್ಳಿ. 2020ರಲ್ಲಿ 14,100 ಟನ್ ಎಂಬ ಸುದ್ದಿ ದೇಶವೆಲ್ಲ ಓಡಾಡಿತು. ಮರುವರ್ಷ ಅಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯ ಆಧಾರದ ಮೇಲೆ ಸರ್ಕಾರ ಹೇಳಿದ್ದು 1,600 ಟನ್, ಅದೂ ‘ಇನ್ಫರ್ಡ್’ ಎಂಬ, ಖಚಿತತೆ ತೀರ ಕಡಿಮೆಯಿರುವ ವರ್ಗದಲ್ಲಿ. ಇನ್ಫರ್ಡ್ ಅಂಕಿಯನ್ನು ಮೀಸಲು ಎಂದು ಕರೆಯುವುದು ತಪ್ಪು. ಲಾಭದಲ್ಲಿ ತೆಗೆಯಬಹುದು ಎಂದು ಅಧ್ಯಯನದಿಂದ ಸಿದ್ಧವಾದ ಭಾಗ ಮಾತ್ರ ಮೀಸಲು.

ಹಾಗೆಯೇ ನೆರೆಹೊರೆಯ ಹೆಸರು ಎರವಲು ಪಡೆಯಬೇಡಿ. ‘ಹಟ್ಟಿಯಿಂದ ಕೂಗಳತೆ’, ‘ಕೆಜಿಎಫ್ ಪಟ್ಟಿಯಲ್ಲೇ’ ಎಂಬ ಮಾತು ಪ್ರತಿ ಕಿರುಹೊತ್ತಗೆಯಲ್ಲೂ ಇರುತ್ತದೆ. ಕೋಲಾರದ ಶಿಲಾಪಟ್ಟಿ ಸುಮಾರು 80 ಕಿಲೋಮೀಟರ್ ಉದ್ದವಿದೆ. ಹೆಸರಾಂತ ಗಣಿಗಳೆಲ್ಲ ಇದ್ದದ್ದು ಅದರ ಎಂಟು ಕಿಲೋಮೀಟರ್ ಆಸುಪಾಸಿನ ತುಂಡಿನಲ್ಲಿ. ಪಟ್ಟಿಯಲ್ಲಿರುವುದೇ ಬೇರೆ, ಅದಿರಿನ ಮೇಲಿರುವುದೇ ಬೇರೆ.

ಗ್ರಾನೈಟ್ ಕ್ವಾರಿಯವರಿಗೆ ಇಷ್ಟೆಲ್ಲ ಬೇಡ. ಇಳಕಲ್ಲಿನ ಕೆಂಪು ಕಲ್ಲಾಗಲಿ ಚಾಮರಾಜನಗರದ ಕಪ್ಪು ಕಲ್ಲಾಗಲಿ, ಪ್ರಯೋಗಕ್ಕೆ ಒಂದು ಮುಖ ತೆರೆದು, ಒಡೆದ ಕಲ್ಲಿನಲ್ಲಿ ಬಿರುಕಿಲ್ಲದ, ಬಣ್ಣ ಕೆಡದ ಬ್ಲಾಕ್ ಎಷ್ಟು ಪ್ರತಿಶತ ಬಂತು ಎಂದು ಅಳೆದು ತೋರಿಸಿ. ಉಳಿದದ್ದೆಲ್ಲ ಜಲ್ಲಿ.

ಹೆಜ್ಜೆ 4: ಬಂಡೆಯಿಂದ ಹಣಕ್ಕೆ

ಉದಾಹರಣೆಗೆ 5 ಲಕ್ಷ ಟನ್ ಅದಿರು, ಟನ್ನಿಗೆ 3 ಗ್ರಾಂ. ನೆಲದಲ್ಲಿರುವ ಚಿನ್ನ 1,500 ಕಿಲೊ. ತೆಗೆಯುವಾಗ ಹತ್ತನೇ ಒಂದು ಭಾಗ ಕೈತಪ್ಪಿದರೆ 1,350. ಸಂಸ್ಕರಣೆಯಲ್ಲಿ 90 ಪ್ರತಿಶತ ಮಾತ್ರ ಹೊರಬಂದರೆ 1,215. ಮಾರುವುದು ಇದನ್ನು. ಇದರಿಂದ ರಾಯಧನ, ಹರಾಜಿನ ಪ್ರೀಮಿಯಂ, ಜಿಲ್ಲಾ ಖನಿಜ ನಿಧಿ, ಡೀಸೆಲ್, ವಿದ್ಯುತ್, ಸಂಬಳ, ಕೊನೆಗೆ ಗಣಿ ಮುಚ್ಚುವ ಖರ್ಚು ಎಲ್ಲ ಕಳೆಯಬೇಕು. ಇದೇ ಲೆಕ್ಕವನ್ನು ಚಿನ್ನದ ಬೆಲೆ ಐದನೇ ಒಂದು ಭಾಗ ಇಳಿದರೆ ಏನಾಗುತ್ತದೆ ಎಂದೂ ಮಾಡಿ, ಅದೇ ಪುಟದಲ್ಲಿ ಇಡಿ.

ಹೆಜ್ಜೆ 5: ಅಡ್ಡಿಗಳ ಪುಟ

ಕಾಡು, ನೀರು, ಊರು. ಪರಿಸರ ಅನುಮತಿ, ಅರಣ್ಯ ಅನುಮತಿ, ಸಾರ್ವಜನಿಕ ಅಹವಾಲು ಸಭೆ ಯಾವ ಹಂತದಲ್ಲಿವೆ ಎಂದು ದಿನಾಂಕ ಸಮೇತ ಬರೆಯಿರಿ. ಕರ್ನಾಟಕದ ಹೂಡಿಕೆದಾರ ಇದನ್ನು ಕೇಳದೆ ಬಿಡುವುದಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದನ್ನು, 2011ರಲ್ಲಿ ಬಳ್ಳಾರಿಯ ಗಣಿಗಳು ಬಂದ್ ಆದದ್ದನ್ನು, ತೀವ್ರ ಅಕ್ರಮ ನಡೆದ ‘ಸಿ’ ವರ್ಗದ ಗುತ್ತಿಗೆಗಳು ಆಮೇಲೆ ರದ್ದಾದದ್ದನ್ನು ಅವನು ಕಂಡಿದ್ದಾನೆ. ಗದಗದ ಕಪ್ಪತಗುಡ್ಡದಲ್ಲಿ ಚಿನ್ನದ ಕುರುಹು ಇರುವುದು ಹಳೆಯ ಸಂಗತಿ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಂಥ ಗುಡ್ಡಗಳ ಮೇಲೆ ಕಣ್ಣಿಟ್ಟ ಯೋಜನೆಗೆ ಬಂಡವಾಳ ಕೇಳಲೇಬಾರದು ಎಂಬುದು ನನ್ನ ಖಚಿತ ನಿಲುವು. ಊರಿನವರ ವಿರೋಧವಿದ್ದರೆ ಅದನ್ನು ‘ಕೆಲವರ ತಪ್ಪು ತಿಳಿವಳಿಕೆ’ ಎಂದು ತೇಲಿಸಬೇಡಿ. ಅವರ ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಕೆಲಸ ಶುರುವಾಗುವ ಮೊದಲೇ ಅಳೆಸಿ, ಆ ಅಂಕಿಗಳನ್ನು ಗ್ರಾಮ ಪಂಚಾಯಿತಿಗೂ ಹೂಡಿಕೆದಾರರಿಗೂ ಕೊಡಿ.

ಹೆಜ್ಜೆ 6: ಸ್ಥಳಕ್ಕೆ ಕರೆದೊಯ್ಯಿರಿ

ಹೋಟೆಲ್ ಸಭೆಗೆ ಸುರಿಯುವ ಹಣವನ್ನು ಕೋರ್ ಶೆಡ್‌ಗೆ ಖರ್ಚು ಮಾಡಿ. ತಗಡಿನ ಚಾವಣಿ, ನೆಲದಿಂದ ಮೇಲಿರುವ ಕಬ್ಬಿಣದ ಅಟ್ಟ, ಬೀಗ ಇದ್ದರೆ ಸಾಕು. ಯಾವ ಕೊಳವೆಯ ಪೆಟ್ಟಿಗೆ ತೆರೆಯಬೇಕು ಎಂದು ಬಂದವರೇ ಹೇಳಲಿ. ಕೋರ್ ಮೇಲೆ ನೀರು ಚಿಮುಕಿಸಿ; ಒಣಗಿದ್ದಾಗ ಬೂದು ಬಣ್ಣಕ್ಕೆ ಕಾಣುವ ಕಲ್ಲಿನಲ್ಲಿ ಬಿಳಿ ಸ್ಫಟಿಕದ ಗೆರೆ, ಸಲ್ಫೈಡ್ ಚುಕ್ಕೆಗಳು ಆಗ ಎದ್ದು ಕಾಣುತ್ತವೆ. ನಡುವೆ ಆಳ ಬರೆದ ಮರದ ತುಂಡುಗಳಿರುತ್ತವೆ. ಎರಡು ತುಂಡುಗಳ ಅಂತರ ಮೂರು ಮೀಟರ್ ಎಂದಿದ್ದು ಕಲ್ಲು ಎರಡೇ ಮೀಟರ್ ಇದ್ದರೆ ಒಂದು ಮೀಟರ್ ಕೊರೆಯುವಾಗ ಪುಡಿಯಾಗಿ ಹೋಗಿದೆ ಎಂದರ್ಥ. ಹಲವೆಡೆ ಹಾಗೆ ಹೋಗುವುದು ಅದಿರಿನ ಭಾಗವೇ. ಅವರು ಕೇಳುವ ಮೊದಲು ನೀವೇ ಅದನ್ನು ತೋರಿಸಿ. ಉಳಿದ ಅರ್ಧ ಕೋರನ್ನು ಮತ್ತೆ ಸೀಳಿ ಕಾಲು ಭಾಗವನ್ನು ತಮ್ಮ ಆಯ್ಕೆಯ ಪ್ರಯೋಗಾಲಯಕ್ಕೆ ಒಯ್ಯಲು ಬಿಡಿ.

ಹೆಜ್ಜೆ 7: ಕಂತಿನಲ್ಲಿ ಕೇಳಿ

ಎಲ್ಲ ಹಣ ಒಮ್ಮೆಗೇ ಬೇಡ. ಮೊದಲ ಕಂತು ಕೊರೆತಕ್ಕೆ. ಎರಡನೆಯದು ಆ ಫಲಿತಾಂಶದ ಮೇಲೆ, ಅದಿರು ಸಂಸ್ಕರಣೆಯ ಪರೀಕ್ಷೆಗೆ. ಟನ್ನಿಗೆ ಎಷ್ಟು ಗ್ರಾಂ ಬರದಿದ್ದರೆ ಯೋಜನೆ ಕೈಬಿಡುತ್ತೇವೆ ಎಂಬ ಅಂಕಿಯನ್ನು ಒಪ್ಪಂದದಲ್ಲೇ ಬರೆಯಿರಿ. ಮೂರು ತಿಂಗಳಿಗೊಮ್ಮೆ ಎರಡು ಪುಟದ ಪತ್ರ ಹೋಗಲಿ: ಕೊರೆದದ್ದು ಎಷ್ಟು ಮೀಟರ್, ಖರ್ಚಾದದ್ದು ಎಷ್ಟು, ಖಾತೆಯಲ್ಲಿ ಉಳಿದದ್ದು ಎಷ್ಟು. ಖಾಲಿ ಬಂದ ಕೊಳವೆ ಇದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಹೇಳಿ, ಪ್ರಯೋಗಾಲಯದ ಮೂಲ ವರದಿಯನ್ನು ಜೊತೆಗೆ ಲಗತ್ತಿಸಿ.